ಹಸಿರುಗಲ್ಲ

"ಮಂಚಾನ ಸ್ವಲ್ಪ ಗೋಡೆ ಕಡೆ ತಳ್ರೋ, ಚಿತ್ರ ಒಳಗೆ ಬರ್ತಿಲ್ಲ!" ಎಂದು ಅಣ್ಣ ಬಾಗಿಲಲ್ಲೇ ಕೂಗಿದ. ನಾಲ್ವರು ಶಿಷ್ಯರು ಆಳೆತ್ತರದ ಚಿತ್ರವನ್ನು ಓರೆ ಮಾಡಿ ತೂರಿಸುತ್ತಿದ್ದರು. ಮಂಚ ಕಿರ್ರೆಂದು ಸರಿಯಿತು. ಅದರ ಮೇಲೆ ಮಲಗಿಸಿದ್ದ ಅಕ್ಕನ ತಲೆ ಪಕ್ಕಕ್ಕೆ ವಾಲಿತು.

ತಂಗಿ ಓಡಿಬಂದು ತಲೆ ನೇರ ಮಾಡಿದಳು. "ಅಣ್ಣಾ, ಅಕ್ಕ ಕಿಟಕಿ ಹತ್ರ ಇರ್ಲಿ ಅಂತ ನಾನೇ ಅಲ್ಲಿ ಹಾಕ್ಸಿದ್ದು."

"ಬೆಳಕು ಚಿತ್ರಕ್ಕೆ ಬೇಕು ಪುಟ್ಟಿ. ಅಕ್ಕಂಗೆ ಇನ್ಯಾಕೆ ಬೆಳಕು?"

ಚಿತ್ರದಲ್ಲೂ ಅಕ್ಕನೇ. ಒಂದು ಕೆನ್ನೆ ಪಾಚಿ ಹಸಿರು, ಬಾಯಿ ಹಸಿಗಾಯದ ಕೆಂಪು. ಕುತ್ತಿಗೆಯ ತುಂಬ ಅಲಗಿನಿಂದ ಕೆರೆದಂಥ ದಪ್ಪ ದಪ್ಪ ಗೆರೆ. ‘ಹಸಿದವಳು’ ಎಂದು ಹೆಸರು. ಪೇಪರಿನಲ್ಲೆಲ್ಲ ಅಚ್ಚಾಗಿ ಅಣ್ಣ ದೊಡ್ಡ ಕಲಾವಿದನಾದ. ಬೀದಿಯವರ ಬಾಯಲ್ಲಿ ಅಕ್ಕ ‘ಹಸಿರುಗಲ್ಲ’ ಆದಳು.

"ಇವತ್ತೊಂದಿನ ಇದು ಬೇಡಣ್ಣ. ಸ್ಮಶಾನದ ಗಾಡಿ ಬರೋವರೆಗಾದ್ರೂ ಜನ ಅವಳ ನಿಜವಾದ ಮುಖ ನೋಡ್ಲಿ."

"ಇದಕ್ಕಿಂತ ನಿಜ ಇನ್ಯಾವ್ದೇ?"

*

ಅಣ್ಣ ಅದನ್ನು ಬರೆಯುವಾಗ ಅಕ್ಕನಿಗೆ ಹಲ್ಲುನೋವು. ದಿನವೆಲ್ಲ ದರ್ಜಿಯ ಅಂಗಡಿಯಲ್ಲಿ ಕಾಜ ಹೊಲಿದು, ಊದಿದ ಕೆನ್ನೆ ಹೊತ್ತುಕೊಂಡು ಬಂದು ತಮ್ಮನ ಮುಂದೆ ಕೂರುತ್ತಿದ್ದಳು.

"ನಾಳೆ ಹಲ್ಲು ಕೀಳಿಸ್ಕೊಂಡು ಬಂದ್ಬಿಡ್ತೀನಿ ಕಣೋ."

"ಅಯ್ಯೋ ಬೇಡಕ್ಕಾ! ನೋವು ಹೋದ್ರೆ ಚಿತ್ರಾನೇ ಹೋಯ್ತು. ಬಾಯಿ ಹಾಗೇ ಇಟ್ಕೊ. ಇನ್ನೊಂಚೂರು ನರಳು."

ಅಕ್ಕ ನರಳಿದಳು. ತಮ್ಮ ಕೇಳಿದರೆ ಇಲ್ಲ ಎನ್ನಲು ಅವಳಿಗೆ ಬರುತ್ತಿರಲಿಲ್ಲ.

ಪ್ರದರ್ಶನಕ್ಕೆ ತಾನೇ ಹೊಲಿದ ಹೊಸ ಬಟ್ಟೆ ತೊಟ್ಟು ಹೋದಳು. ಅಲ್ಲಿ ಯಾರೋ ಚಿತ್ರ ನೋಡಿ, ಅವಳನ್ನು ನೋಡಿ, ಕಿಸಕ್ಕೆಂದರು. ಮನೆಗೆ ಬಂದವಳು ಕನ್ನಡಿಯ ಮುಂದೆ ನಿಂತೇ ಇದ್ದಳು.

"ನಾನು ಹಾಗಿದೀನೇನೇ ಪುಟ್ಟಿ?"

"ಥೂ, ಇಲ್ಲ ಅಕ್ಕಾ."

ಆಮೇಲೆ ಬೀದಿಗಿಳಿದಾಗಲೆಲ್ಲ ಆ ಕೆನ್ನೆಗೆ ಕರ್ಚೀಫು ಒತ್ತಿಕೊಂಡೇ ನಡೆದಳು, ಸಾಯುವವರೆಗೂ.

*

ವಿಮರ್ಶಕರು ಬಂದರು. ಮಂಚಕ್ಕೆ ಬೆನ್ನು ಹಾಕಿ ಚಿತ್ರದ ಮುಂದೆ ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಕಿರಿದು ಮಾಡಿ ನೋಡಿದರು.

"ಈ ಹಸಿರು ನೋಡಿ! ಕೊಳೆಯೋ ಹಸಿರಲ್ಲ, ಕೇಳೋ ಹಸಿರು. ಕುಂಚ ಬಿಟ್ಟು ಅಲಗಲ್ಲೇ ಎಳೆದಿದಾರೆ, ಇಡೀ ಮನುಕುಲದ ಹಸಿವು ಈ ಬಾಯಲ್ಲಿದೆ."

"ಅದು ಹಲ್ಲುನೋವು ಸಾರ್," ಎಂದ ಮೂಲೆಯಲ್ಲಿದ್ದ ದರ್ಜಿ.

"ಇರಬಹುದು. ಮನುಕುಲದ ಹಲ್ಲುನೋವು ಅಂದ್ಕೊಳ್ಳಿ."

ಶಿಷ್ಯರು ನಕ್ಕರು. ದರ್ಜಿಯೂ ನಕ್ಕುಬಿಟ್ಟ.

ವಿಮರ್ಶಕರು ಆಗ ಮಂಚದ ಕಡೆ ತಿರುಗಿದರು. ತಂಗಿ ತೊಳೆದು, ತಲೆ ಬಾಚಿ ಮಲಗಿಸಿದ್ದ ಸಣ್ಣ ಮುಖ. ಬಿಳಿಚಿಕೊಂಡ ಕೆನ್ನೆ.

"ಚಿತ್ರದಲ್ಲಿರೋರು ಇವರೇನಾ? ಒಂಚೂರೂ ಹೋಲಲ್ಲವಲ್ರೀ!" ಅವರ ದನಿಯಲ್ಲಿ ಬೇಜಾರಿತ್ತು.

ಅಣ್ಣನ ಮುಖ ಸಪ್ಪಗಾಯಿತು. ತಂಗಿಗೆ ಮಾತ್ರ ಎದೆಯೊಳಗೆ ಏನೋ ಹಗುರವಾಯಿತು. ‘ಕೇಳಿಸ್ಕೊಂಡ್ಯಾ ಅಕ್ಕಾ, ಹೋಲಲ್ವಂತೆ!’ ಎಂದುಕೊಂಡು, ಬಂದವರಿಗೆ ಕುರ್ಚಿ ತರಲು ಒಳಗೆ ಹೋದಳು. ಒಳಗೆ ಒಬ್ಬಳೇ ನಿಂತು ಸ್ವಲ್ಪ ಹೊತ್ತು ಅತ್ತಳು.

ಕುರ್ಚಿ ಹಿಡಿದು ಬಂದಾಗ ಎಣ್ಣೆಬಣ್ಣದ ವಾಸನೆ ಹೊಡೆಯಿತು. ಅಣ್ಣ ಮಂಚದ ಪಕ್ಕ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಬಣ್ಣ ಮೆತ್ತುವ ಅಲಗು. ಅಕ್ಕನ ಒಂದು ಕೆನ್ನೆ ಪೂರ್ತಿ ಹಸಿರು. ಬಾಯಿಗೆ ಕೆಂಪು ಎಳೆಯುತ್ತಿದ್ದ.

"ಅಣ್ಣಾ!"

"ಶ್! ಮುಟ್ಬೇಡ, ಇನ್ನೂ ಹಸಿ ಇದೆ," ಎಂದ, ತಲೆ ಎತ್ತದೆ.

ತಂಗಿ ಕುರ್ಚಿ ಕೆಡವಿ ನುಗ್ಗಿದಳು. ಬರಿಗೈಯಿಂದಲೇ ಒರೆಸಿದಳು. ಒರೆಸಿದಷ್ಟೂ ಹಸಿರು ಕಿವಿಗೆ, ಕೂದಲಿಗೆ, ದಿಂಬಿಗೆ ಹರಡಿತು.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಕೊನೆಯ ಸಲ ನೋಡಲು ಜನ ಸಾಲಾಗಿ ಒಳಗೆ ಬಂದರು. ಒಬ್ಬೊಬ್ಬರೂ ಮಂಚದ ಹತ್ತಿರ ಬಂದು, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಕಿರಿದು ಮಾಡಿ ನೋಡಿದರು.