ಓನೋರಿಯಾಳ ತಾಯಿಯ ಹೆಸರು

ಎದೆಲ್ಮಿರಾ ನಮ್ಮ ಮನೆಯ ಬಾಗಿಲು ತಟ್ಟಿದ್ದು ೧೯೮೧ರ ಮಾರ್ಚಿನಲ್ಲಿ. ಮುತ್ತಾತ ಲಾರೆನ್ಸ್ ಟಾರ್ಮಿಯ ಬಗ್ಗೆ ನಾನು ಬರೆದ ಪುಸ್ತಕ ಅಚ್ಚಿಗೆ ಹೋಗಲು ಹದಿನೈದು ದಿನ ಉಳಿದಿತ್ತು. ಐರ್ಲೆಂಡಿನಿಂದ ಬರಿಗೈಯಲ್ಲಿ ಹಡಗು ಹತ್ತಿ ಬಂದವನು, ಕುರಿ ಕಾಯ್ದು ಕಾಯ್ದೇ ನಮ್ಮೂರಾದ ಸುಯಿಪಾಚಾದಲ್ಲಿ ಜಮೀನು ಮಾಡಿದವನು, ಒಂಬತ್ತು ಮಕ್ಕಳ ತಂದೆ. ಮೂರು ವರ್ಷ ಚರ್ಚುಗಳ ದಾಖಲೆ ಜಾಲಾಡಿ ಬರೆದಿದ್ದೆ. ಊರಿನಲ್ಲಿ ನಾನು ಶಾಲೆಯ ಟೀಚರ್; ನೆಲಿದಾ ಟಾರ್ಮಿ ಬರೆದಳೆಂದರೆ ಜನ ನಂಬುತ್ತಿದ್ದರು.

ಬಂದವಳಿಗೆ ಐವತ್ತೈದರ ಆಸುಪಾಸು. ಎಣ್ಣೆಗಪ್ಪು ಮುಖ, ಧೂಳು ಕೂತ ಚಪ್ಪಲಿ. ಸಾಲ್ತೋ ಊರಿನಿಂದ ಬಸ್ಸಿನಲ್ಲಿ ಬಂದಳಂತೆ. ಚಹಾ ಕೊಟ್ಟೆ.

“ನಮ್ಮಜ್ಜಿ ಓನೋರಿಯಾ ನಿಮ್ಮ ಮುತ್ತಾತನ ಮಗಳಂತೆ, ಸೆನ್ಯೋರಾ. ಮೊದಲ್ನೇ ಹೆಂಡ್ತೀದು. ಹಾಲು ಕುಡಿಸೋಕೆ ಅಂತ ಒಬ್ಬ ಕುರಿಗಾಹಿ ಹೆಂಡ್ತಿ ಹತ್ರ ಬಿಟ್ಟೋರು ಮತ್ತೆ ಬರ್ಲೇ ಇಲ್ವಂತೆ. ನೀವು ಪುಸ್ತಕ ಬರೀತಿದೀರಂತಲ್ಲ, ಅಜ್ಜಿಯ ತಾಯಿ ಹೆಸ್ರು ಎಲ್ಲಾದ್ರೂ ಸಿಕ್ತಾ?”

ಸಿಕ್ಕಿತ್ತು. ಹಿಂದಿನ ಚಳಿಗಾಲದಲ್ಲೇ ಚರ್ಚಿನ ಮರಣ ದಾಖಲೆಯಲ್ಲಿ ಓದಿದ್ದೆ. ೧೮೬೮ರ ಕಾಲರಾದಲ್ಲಿ ಸತ್ತ ಬ್ರಿಜಿಡ್ ಫಾಲನ್, ಲಾರೆನ್ಸ್ ಟಾರ್ಮಿಯ ಹೆಂಡತಿ, ವಯಸ್ಸು ಇಪ್ಪತ್ತಮೂರು. ಅಂಚಿನಲ್ಲಿ ಪಾದ್ರಿಯ ಸಣ್ಣ ಅಕ್ಷರ: ಮಗು ಓನೋರಿಯಾ, ಎಂಟು ತಿಂಗಳು, ಕುರಿಗಾಹಿಯ ಹೆಂಡತಿ ಪೆತ್ರೋನಾಳ ವಶಕ್ಕೆ, ಉಣ್ಣೆ ಕತ್ತರಿಸುವ ಕಾಲ ಮುಗಿದ ಮೇಲೆ ತಂದೆ ಬಂದು ಒಯ್ಯುವನು. ಮರುವರ್ಷ ಆ ತಂದೆ ನನ್ನ ಮುತ್ತಜ್ಜಿಯನ್ನು ಮದುವೆಯಾದ. ಆ ಪುಟವನ್ನು ನಾನು ನಕಲು ಮಾಡಿಕೊಂಡಿರಲಿಲ್ಲ, ಪುಸ್ತಕದಲ್ಲಿ ಬರೆದೂ ಇರಲಿಲ್ಲ.

“ಅಂಥದ್ದೇನೂ ಇಲ್ಲ ಕಣಮ್ಮ,” ಎಂದೆ. “ನಮ್ಮ ಮನೆತನದಲ್ಲಿ ಈ ಬಣ್ಣದೋರು ಯಾರೂ ಇಲ್ಲ. ನಿಮ್ಮಜ್ಜಿಗೆ ಯಾರೋ ಕತೆ ಕಟ್ಟಿ ಹೇಳಿರ್ಬೇಕು.”

ಅವಳು ಕಪ್ಪನ್ನು ಕೆಳಗಿಟ್ಟಳು. “ಇರ್ಬೋದು ಸೆನ್ಯೋರಾ. ಚಾ ಚೆನ್ನಾಗಿತ್ತು.”

ಪುಸ್ತಕ ಬಂತು. ಐರಿಷ್ ಸಂಘದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರಾದರೂ ಹೊಗಳಿದಾಗಲೆಲ್ಲ ಆ ಧೂಳಿನ ಚಪ್ಪಲಿ ಕಣ್ಣಿಗೆ ಕಟ್ಟುತ್ತಿತ್ತು. ಹಾಗೇ ಹದಿನಾಲ್ಕು ವರ್ಷ ಕಳೆದೆ. ಸಂಘದವರು ಎರಡನೆಯ ಮುದ್ರಣಕ್ಕೆ ಕೇಳಿ, “ತಪ್ಪೇನಾದ್ರೂ ಇದ್ರೆ ತಿದ್ದಿಕೊಡಿ, ಟೀಚರ್” ಎಂದಾಗ ತಡೆಯಲಾಗಲಿಲ್ಲ. ಸಾಲ್ತೋ ಬಸ್ಸು ಹತ್ತಿದೆ.

ಎದೆಲ್ಮಿರಾ ತೀರಿಹೋಗಿದ್ದಳು. ಮಗ ಅನ್ಸೆಲ್ಮೋ ಸೈಕಲ್ ರಿಪೇರಿ ಮಾಡುತ್ತಿದ್ದ. ನನ್ನ ಹೆಸರು ಕೇಳಿ ಕೈ ಒರೆಸಿಕೊಂಡು ಕುರ್ಚಿ ಹಾಕಿದ.

“ಅಮ್ಮ ಹೇಳ್ತಿದ್ಲು. ‘ಟೀಚರಮ್ಮಂಗೆ ಗೊತ್ತಿತ್ತು ಕಣೋ, ಇಲ್ಲ ಅನ್ನೋವಾಗ ನನ್ನ ಮುಖ ನೋಡ್ಲಿಲ್ಲ’ ಅಂತ. ‘ಬಿಡಮ್ಮ, ಅಷ್ಟು ಓದ್ದೋರು ಸುಳ್ಳು ಹೇಳ್ತಾರಾ’ ಅಂತಿದ್ದೆ ನಾನು.”

“ಸುಳ್ಳೇ ಹೇಳ್ದೆ,” ಎಂದೆ. “ನಿಮ್ಮಮ್ಮ ಬರೋಕೆ ಮುಂಚೇನೇ ಓದಿದ್ದೆ.”

ಅವನು ಚಕ್ರದ ಸಡಿಲಾದ ಕಡ್ಡಿಯೊಂದನ್ನು ಬಿಗಿ ಮಾಡಿದ.

“ಹೊಟ್ಟೇಲಿ ಗಡ್ಡೆ ಇತ್ತು ಅವಳಿಗೆ. ಆ ಬಸ್ಸಿನ ಕುಲುಕಾಟಕ್ಕೆ ಒಂದು ವಾರ ಎದ್ದಿರ್ಲಿಲ್ಲ. ಅಜ್ಜಿಯ ತಾಯಿ ಹೆಸ್ರಲ್ಲಿ ಒಂದು ಪ್ರಾರ್ಥನೆ ಮಾಡಿಸ್ಬೇಕು ಅಂತಿದ್ಲು, ಅಷ್ಟೇ.”

ನಾನು ಚೀಲದಿಂದ ಪೆನ್ನು ತೆಗೆದೆ.

“ಈಗ ಹೇಳಿ,” ಎಂದ.

“ಬ್ರಿಜಿಡ್ ಫಾಲನ್.”

ಎರಡು ಸಲ ಹೇಳಿ ನೋಡಿದ, ತೊಡರಿತು. ಚೀಟಿಯ ಮೇಲೆ ನನ್ನಿಂದಲೇ ಬರೆಸಿಕೊಂಡ. “ಭಾನುವಾರ ಅಮ್ಮಂದೂ ಸೇರಿಸಿ ಪ್ರಾರ್ಥನೆ ಮಾಡಿಸ್ತೀನಿ.”

“ನಾನೂ ಬರ್ಲಾ?”

“ಬೇಡಿ ಸೆನ್ಯೋರಾ. ಮೊದ್ಲು ಪುಸ್ತಕ ತಿದ್ದಿ. ಆಮೇಲೆ ನೋಡೋಣ.”

ಹೊಸ ಮುದ್ರಣಕ್ಕೆ ಓನೋರಿಯಾಳ ಅಧ್ಯಾಯವನ್ನು ಈವರೆಗೆ ನಾಲ್ಕು ಸಲ ಬರೆದಿದ್ದೇನೆ. ಮುತ್ತಾತನ ತಪ್ಪು ಸಲೀಸಾಗಿ ಇಳಿಯುತ್ತದೆ. ನನ್ನದಕ್ಕೆ ಬಂದಾಗ ಕೈ ನಿಲ್ಲುತ್ತದೆ.