ಕೈ ನಿಂತ ಜಾಗ

"ಇಲ್ಲೀ ತನಕ ತಂತಿ ಕೂತದ ನೋಡ್ರಿ, ದಾರದಂಗ ಬೆರಳಿಗಿ ಹತ್ತತದ. ಇಲ್ಲಿಂದ ಮುಂದ ಬರೇ ಗೆರಿ. ಇಲ್ಲಿ ನಿಂತದ ಮಾಸ್ತರ, ನನ್ನ ಮಗನ ಕೈ."

ಮರಿಯಮಬೀ ಡ್ರಾಯಿಂಗ್ ಮಾಸ್ತರ ಮಡೆಪ್ಪನ ತೋರುಬೆರಳನ್ನು ಹಿಡಿದುಕೊಂಡು, ಎಲೆ ಅಡಿಕೆ ಇಡುವ ಪಾನದಾನದ ಮುಚ್ಚಳದ ಮೇಲೆ ನಿಧಾನವಾಗಿ ಎಳೆಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಮುದುಕಿಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ಅಂಗೈಯಗಲದ ಆ ಮುಚ್ಚಳದ ಮೇಲೆ ಅವಳ ಬೆರಳು ಎಲ್ಲಿಯೂ ತಡವರಿಸಲಿಲ್ಲ. ಬೆಳ್ಳಿಯ ತಂತಿ ಬಡಿದು ಕೂರಿಸಿದ ಬಳ್ಳಿ ಅರ್ಧ ಸುತ್ತು ಬಂದು ಒಂದು ಎಲೆಯ ನಡುವೆಯೇ ನಿಂತುಬಿಟ್ಟಿತ್ತು. ಅಲ್ಲಿಂದ ಮುಂದೆ ಉಳಿಯಿಂದ ಕೊರೆದ ಖಾಲಿ ಗೆರೆ. ಅದರಾಚೆ ಏನೂ ಇಲ್ಲದ ಬೂದುಬಣ್ಣದ ಲೋಹ.

ಆ ಬಳ್ಳಿಯನ್ನು ಬರೆದುಕೊಟ್ಟವನು ಮಡೆಪ್ಪನೇ. ಬೀದರಿನ ಗವಾನ್ ಮದರಸಾದ ಗೋಡೆಯಲ್ಲಿ ಉದುರದೆ ಉಳಿದಿದ್ದ ಬಣ್ಣದ ಹೆಂಚುಗಳ ಮುಂದೆ ಒಂದು ಬೇಸಿಗೆ ರಜೆಯೆಲ್ಲ ಕೂತು ಅದನ್ನು ಕಾಗದಕ್ಕೆ ಇಳಿಸಿದ್ದ. ಮಡೆಪ್ಪ ಬರೆಯುವುದು, ಮುದುಕಿಯ ಮಗ ಅಯ್ಯುಬ ಅದನ್ನು ಬಿದರಿ ಸಾಮಾನಿನಲ್ಲಿ ಬೆಳ್ಳಿಯಾಗಿ ಕೂರಿಸುವುದು, ಎಂಟು ವರ್ಷ ಹಾಗೆಯೇ ನಡೆದಿತ್ತು. ನಿಜಾಮನ ರಾಜ್ಯದ ಮೇಲೆ ಪೋಲೀಸ್ ಆಕ್ಷನ್ ಆದ ವಾರದಲ್ಲಿ ಬೀದರಿನಿಂದ ಔರಾದಿಗೆ ನಡೆದುಕೊಂಡು ಹೊರಟ ಅಯ್ಯುಬ ದಾರಿಯಲ್ಲಿನ ಸಂತಪುರ ದಾಟಲಿಲ್ಲ. ಹಳ್ಳದ ದಂಡೆಯಲ್ಲಿ ಸಿಕ್ಕ ಏಳು ಹೆಣಗಳಲ್ಲಿ ಅವನದೂ ಒಂದು. ಕೊಂದವರು ಯಾರೆಂದು ಯಾರೂ ಹೇಳಲಿಲ್ಲ. ಕೇಳುವ ಧೈರ್ಯವೂ ಆಗ ಯಾರಿಗೂ ಇರಲಿಲ್ಲ. ಈಗ ಅದಕ್ಕೆ ನಾಲ್ಕು ವರ್ಷ.

"ಅವರು ಹೊಂಡೂ ಮೊದಲ ಇದನ್ನ ಭಟ್ಟಿ ಬೂದಿಯಾಗ ಹುಗಿದಿಟ್ಟಿದ್ರು" ಎಂದಳು ಅಯ್ಯುಬನ ಹೆಂಡತಿ ಬಿಸ್ಮಿಲ್ಲಾಬೀ, ಚಹಾದ ಕಪ್ಪು ಮುಂದಿಡುತ್ತ. "ಬೀದರದ ಮನಿ ಎಲ್ಲಾ ಲೂಟಿ ಆಗಿತ್ತು. ಬೂದಿ ಯಾರು ಕೆದರ್ತಾರ? ಇದೊಂದು ಉಳೀತು."

ಮಡೆಪ್ಪ ಊರೂರು ಸುತ್ತುತ್ತಿದ್ದದ್ದು ವಸ್ತುಸಂಗ್ರಹಾಲಯ ಸಮಿತಿಯ ಕೆಲಸಕ್ಕೆ. ಬೀದರಿನ ಚೌಬಾರಾ ಗೋಪುರದ ಹತ್ತಿರ ಒಂದು ಹಳೆಯ ದೇವಡಿ ಮನೆಯಲ್ಲಿ ಊರಿನ ನಾಲ್ಕು ಮಂದಿ ಸೇರಿ ಅದನ್ನು ತೆರೆದಿದ್ದರು. ಫಿರಂಗಿ ಗುಂಡು, ನಾಣ್ಯ, ಶಾಸನದ ಕಲ್ಲು ಎಲ್ಲ ನೆಲದ ಮೇಲೆ ಬಿದ್ದಿದ್ದವು. ಇಡುವುದಕ್ಕೆ ಕಪಾಟಿಲ್ಲ, ಮೇಲೆ ಸೋರುವ ಮಾಳಿಗೆ. ಹಣ ಕೂಡಿಸುವುದಕ್ಕೆಂದು ಆ ಚಳಿಗಾಲ ಮದರಸಾದ ಅಂಗಳದಲ್ಲಿ ಮೂರು ದಿನ ಬಹಮನಿ ಉತ್ಸವ ಮಾಡುವುದೆಂದಾಗಿತ್ತು. ಇತಿಹಾಸದ ಭಾಷಣ, ಸುಲ್ತಾನರ ದರಬಾರಿನ ವೇಷ ಹಾಕಿದ ಶಾಲೆಯ ಮಕ್ಕಳ ಮೆರವಣಿಗೆ, ಚಿತ್ರ ಮತ್ತು ಬಿದರಿ ಸಾಮಾನುಗಳ ಮಾರಾಟ. ಅದಕ್ಕಾಗಿ ಮಡೆಪ್ಪ ಭಾಲ್ಕಿ, ಹಲಬರ್ಗಾ ಸುತ್ತಿ ಒಂದು ಕತ್ತಿ, ಎರಡು ಫಾರಸಿ ಸನದು ಪತ್ರ ಹೊಂದಿಸಿದ್ದ. ಮರಿಯಮಬೀ ಇದ್ದ ಔರಾದಿಗೆ ಮಾತ್ರ ಸಮಿತಿ ಅವನನ್ನು ಕಳಿಸಿರಲಿಲ್ಲ. ತಾನಾಗಿಯೇ ಬಂದಿದ್ದ.

"ಮಾರಾಕ ಅಲ್ಲ ಹೌದಲ್ರಿ?" ಮರಿಯಮಬೀ ಕೇಳಿದಳು.

"ಅಲ್ಲಮ್ಮಾ. ಇದು ಗಾಜಿನ ಕಪಾಟಿನ್ಯಾಗ ಇರ್ತದ. ಕೆಳಗ ಅಯ್ಯುಬನ ಹೆಸರು ಬರೀತೇನಿ. ನನ್ನ ಕೈಲೇ ಬರೀತೇನಿ."

"ಪೂರಾ ಆಗಿಲ್ಲಲ್ರಿ, ನಡೀತದೇನು?"

"ಅದಕ್ಕ ಇಡಬೇಕಮ್ಮಾ."

ಮುದುಕಿ ಪಾನದಾನವನ್ನು ಸೆರಗಿನಿಂದ ಒರೆಸಿ ಅವನ ಮಡಿಲಿಗಿಟ್ಟಳು. "ನಾಕ ದಿನ ಮೊದಲ ಹೊಂಟಿದ್ರ ಬದುಕ್ತಿದ್ದ. ಹೆಂಡ್ತೀನ, ನನ್ನ ಇಲ್ಲಿ ಕಳಿಸಿ ತಾ ಒಬ್ಬಾಂವ ಹಿಂದ ಉಳದ. ಏನ ಅಂಥಾ ಕೆಲಸ ಇತ್ತೋ ಅಲ್ಲಾಗೇ ಗೊತ್ತು" ಎಂದಳು.

ಮಡೆಪ್ಪ ಚಹಾ ಕುಡಿದ. ಬಿಸ್ಮಿಲ್ಲಾಬೀ ಗೋಡೆಗೆ ಒರಗಿ ಕೌದಿಗೆ ಟಾಕಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

ಏನು ಕೆಲಸವಿತ್ತೆಂದು ಮಡೆಪ್ಪನಿಗೆ ಗೊತ್ತಿತ್ತು. ಪಾನದಾನ ಹೈದರಾಬಾದಿನ ಜಹಗೀರದಾರರೊಬ್ಬರ ಮಗಳ ಮದುವೆಗೆಂದು ಮಡೆಪ್ಪನೇ ತಂದ ಕೆಲಸ. ಸೈನ್ಯ ಬರುತ್ತದೆಂಬ ಗಾಳಿಸುದ್ದಿ ಶುರುವಾದಾಗ ಅಯ್ಯುಬ ಅವನ ಮನೆಯ ಕಟ್ಟೆಗೆ ಬಂದು, "ನಾನೂ ಔರಾದಿಗಿ ಹೋಗಲೇನು ಮಾಸ್ತರ?" ಎಂದು ಕೇಳಿದ್ದ. "ಹೆಂಗಸರನ್ನ ಕಳಸು. ನೀ ಕೆಲಸ ಮುಗಿಸಿ ಹೋಗು. ಬೀದರದಾಗ ನಿನಗ್ಯಾರು ಏನ ಮಾಡ್ತಾರ?" ಎಂದಿದ್ದ ಮಡೆಪ್ಪ. ತನ್ನ ಬಳ್ಳಿ ಹೈದರಾಬಾದಿನ ಅರಮನೆಯಂಥ ಮನೆಗೆ ಹೋಗುತ್ತದೆಂಬ ಆಸೆ ಆ ಮಾತಿನೊಳಗಿತ್ತು. ಅಯ್ಯುಬನಿಗೆ ಅದು ತಿಳಿದಿತ್ತೋ ಇಲ್ಲವೋ, ಹೂಂ ಅಂದು ಎದ್ದುಹೋಗಿದ್ದ.

ಉತ್ಸವಕ್ಕೆ ಎಂಟು ದಿನವಿರುವಾಗ ಸಮಿತಿಯ ಅಧ್ಯಕ್ಷರಾದ ವಕೀಲ ಜ್ಞಾನೇಶ್ವರರಾಯರು ಪಾನದಾನವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೆಟ್ಟ ಮನುಷ್ಯರಲ್ಲ. ಸಂಗ್ರಹಾಲಯಕ್ಕೆಂದು ತಮ್ಮ ಅಜ್ಜನ ಕಾಲದ ಪಲ್ಲಕ್ಕಿಯನ್ನೇ ಕೊಟ್ಟಿದ್ದರು.

"ಡಿಸೈನ್ ಭಾಳ ಛಲೋ ಅದ ಮಡೆಪ್ಪಾ. ನಿಂದೇ ಅಲ್ಲ? ಆದ್ರ ಇದು ಮ್ಯೂಸಿಯಮ್ಮಿಗಿ ಹ್ಯಾಂಗ ಬರ್ತದ? ನಾವು ಇಡೋದು ಸುಲ್ತಾನರ ಕಾಲದ್ದು. ಇದು ಮೊನ್ನಿ ಮೊನ್ನಿದು, ಅದೂ ಅರ್ಧಾ."

"ಅಯ್ಯುಬ ಮಾಡಿದ ಕಡೀ ಸಾಮಾನರಿ ಅದು."

"ಗೊತ್ತದ. ಯಾಕ ಅರ್ಧಾ ಬಿಟ್ಟ ಅಂತ ನೋಡಿದವರು ಕೇಳ್ತಾರ. ಏನಂತ ಬರೀತಿ ಚೀಟ್ಯಾಗ?" ರಾಯರು ದನಿ ತಗ್ಗಿಸಿದರು. "ಆ ದಿನದ ಮಾತು ಈಗ್ಯಾಕ? ಈಗರೆ ಊರು ಸ್ವಲ್ಪ ಮಲಗ್ಯಾದ. ಬಿದರಿ ಕೆಲಸದ ಬದ್ರೋದ್ದೀನ ಇದ್ದಾನಲ್ಲ, ಅವನ ಕಡಿಂದ ಪೂರಾ ಮಾಡಸು. ಹೈದರಾಬಾದಿಂದ ದೊಡ್ಡ ಅಧಿಕಾರಿ, ಅವರ ಮನಿಯವರು ಬರಾಕತ್ತಾರ. ಉತ್ಸವದಾಗ ಇದೊಂದು ಮಾರಿದ್ರ ನಮ್ಮ ಕಪಾಟು ಬರ್ತಾವ, ಮಾಳಗಿ ರಿಪೇರಿ ಆಗ್ತದ. ಮುದುಕಿಗೂ ಒಂದು ಪಾಲು ಕಳಸೋಣ."

ಮಡೆಪ್ಪ ಮರುದಿನ ಹೇಳುತ್ತೇನೆಂದು ಬಂದ. ಮನೆಯಲ್ಲಿ ಪಾನದಾನವನ್ನು ಮೇಜಿನ ಮೇಲಿಟ್ಟು ಹಳೆಯ ಕಾಗದದ ಸುರುಳಿ ಬಿಚ್ಚಿದ. ಬಳ್ಳಿ ಪೂರ್ತಿ ಸುತ್ತು ಬಂದು ತನ್ನ ಬುಡವನ್ನೇ ಸೇರುವ ಆ ನಕ್ಷೆ ಹಾಗೆಯೇ ಇತ್ತು. ಅದನ್ನು ಲೋಹದಲ್ಲಿ ಅವನು ಒಮ್ಮೆಯೂ ಪೂರ್ತಿಯಾಗಿ ನೋಡಿರಲಿಲ್ಲ. ನೋಡಬೇಕೆನ್ನಿಸಿತು. ಇನ್ನೊಂದು ಮಾತೂ ಇತ್ತು. ಸಂಗ್ರಹಾಲಯಕ್ಕೆ ಹೋದಾಗಲೆಲ್ಲ ಆ ಅರ್ಧ ಎಲೆಯನ್ನು ಎದುರಿಸಬೇಕಲ್ಲ ಎಂಬ ಅಳುಕು. ಔರಾದಿಗೆ ಹೋಗಿ ಒಂದು ಮಾತು ಕೇಳಿ ಬರಬಹುದಿತ್ತು. ಬಸ್ಸು ದಿನಾ ಇತ್ತು. ಹೋಗಲಿಲ್ಲ. ಕೇಳಿದರೆ ಬೇಡ ಅಂದಾರು ಎಂದೇ ಹೋಗಲಿಲ್ಲ.

ಮರುದಿನ ಪಾನದಾನ ಕೈಗೆ ಬಂದಮೇಲೆ ಬದ್ರೋದ್ದೀನ ಐದು ದಿನದಲ್ಲಿ ಮುಗಿಸಿದ. ತಂತಿ ಕೂರಿಸಿ, ಅರ ಹಾಕಿ ಎಲ್ಲ ಒಂದೇ ಸಮ ಮಾಡಿ, ಕೋಟೆಯ ಮಣ್ಣು ಕದಡಿದ ಬಿಸಿನೀರಿನಲ್ಲಿ ಅದ್ದಿ ಉಜ್ಜಿದ. ಲೋಹ ಕಾಡಿಗೆಯಂತೆ ಕಪ್ಪಾಗಿ ಬೆಳ್ಳಿಯ ಬಳ್ಳಿ ಒಮ್ಮೆಲೇ ಎದ್ದು ಕಂಡಿತು. ಮಡೆಪ್ಪ ಮುಚ್ಚಳದ ಮೇಲೆ ಬೆರಳಾಡಿಸಿದ. ಎಲ್ಲಿಯೂ ಏನೂ ತಗಲಲಿಲ್ಲ. ಅಯ್ಯುಬ ಎಲ್ಲಿ ನಿಂತ, ಬದ್ರೋದ್ದೀನ ಎಲ್ಲಿ ಹಿಡಿದ, ಬರೆದವನಿಗೇ ತಿಳಿಯಲಿಲ್ಲ.

"ಅಯ್ಯುಬಭಾಯಿ ಕೆಲಸದ ಮ್ಯಾಲ ಕೈ ಇಡಾಕ ಅಂಜಿಕಿ ಬಂತ್ರಿ" ಎಂದ ಬದ್ರೋದ್ದೀನ. "ಮನ್ಯಾಗಿನವರು ಹೂಂ ಅಂದಾರಲ್ರಿ?"

"ಅಂದಾರ" ಎಂದ ಮಡೆಪ್ಪ.

ಉತ್ಸವ ಚೆನ್ನಾಗಿ ನಡೆಯಿತು. ರಟ್ಟಿನ ಕಿರೀಟದ ಸುಲ್ತಾನ ಕುದುರೆಗೆ ಹೆದರಿ ಅತ್ತ. ಕಲಬುರ್ಗಿಯಿಂದ ಬಂದ ಪಂಡಿತರು ಕನ್ನಡ, ಉರ್ದು ಎರಡರಲ್ಲೂ ಒಂದೂವರೆ ತಾಸು ಮಾತಾಡಿದರು. ಅಧಿಕಾರಿಯ ಹೆಂಡತಿ ಪಾನದಾನವನ್ನು ಕೈಗೆತ್ತಿಕೊಂಡವರು ಕೆಳಗಿಡಲೇ ಇಲ್ಲ. "ಈ ಬಳ್ಳಿ ಯಾರದು?" ಎಂದು ಕೇಳಿದಾಗ ರಾಯರು ಮಡೆಪ್ಪನನ್ನು ಮುಂದಕ್ಕೆ ತಳ್ಳಿದರು. ಆಕೆ ಕೈಮುಗಿದರು. ಮಡೆಪ್ಪನೂ ಕೈಮುಗಿದ. ಅಯ್ಯುಬನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಹೂವಿನ ಹಾರ ತಂದರು.

ಕಪಾಟುಗಳು ಬಂದವು. ಮಾಳಿಗೆ ರಿಪೇರಿಯಾಯಿತು. ರಾಯರು ಮಾತಿಗೆ ತಪ್ಪದೆ ಮುದುಕಿಯ ಪಾಲು ತೆಗೆದಿಟ್ಟು, ತಲುಪಿಸುವ ಕೆಲಸವನ್ನು ಮಡೆಪ್ಪನಿಗೆ ವಹಿಸಿದರು. ಇವತ್ತು ನಾಳೆ ಎನ್ನುತ್ತ ಅವನು ಔರಾದಿಗೆ ಹೋಗಲೇ ಇಲ್ಲ. ಹೋಳಿ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಸಂಗ್ರಹಾಲಯದ ಮೆಟ್ಟಿಲ ಮೇಲೆ ಬಂದು ಕೂತಿದ್ದರು. ಸುದ್ದಿ ಕೇಳಿ ಮಡೆಪ್ಪ ಶಾಲೆಯಿಂದ ಓಡುತ್ತ ಬಂದ.

"ಅದರ ಮ್ಯಾಲ ಒಮ್ಮಿ ಕೈ ಆಡಸಬೇಕಂತ ಬಂದೇನಿ ಮಾಸ್ತರ" ಎಂದಳು ಮರಿಯಮಬೀ. ದನಿಯಲ್ಲಿ ಹಬ್ಬದ ಸಡಗರವಿತ್ತು. ಒಗೆದ ಸೀರೆ ಉಟ್ಟು ಸುರ್ಮಾ ಹಚ್ಚಿಕೊಂಡಿದ್ದಳು. "ಬಸ್ಸಿನ್ಯಾಗ ಎಲ್ಲಾರಿಗೂ ಹೇಳಕೋತ ಬಂದೆ, ನನ್ನ ಮಗನ ಹೆಸರು ಬೀದರದಾಗ ಬರದಾರ ಅಂತ."

"ಅಮ್ಮಾ, ನೀರು ಕುಡೀರಿ ಮೊದಲ" ಎಂದು ಮಡೆಪ್ಪ ಅವಳನ್ನು ನೆರಳಿನಲ್ಲಿ ಕೂರಿಸಿ ಬಿಸ್ಮಿಲ್ಲಾಬೀಯನ್ನು ಅಂಗಳದ ಬೇವಿನ ಮರದ ಕಡೆ ಕರೆದ. "ಭಾಭಿ, ಅದು ಇಲ್ಲ. ಮಾರಿಬಿಟ್ಟೇವಿ" ಎಂದ. ಉಳಿದದ್ದನ್ನೂ ಹೇಳಿದ. ಬದ್ರೋದ್ದೀನ ಮುಗಿಸಿದ್ದು, ಹೈದರಾಬಾದಿಗೆ ಹೋದದ್ದು.

ಅವಳು ಬೇವಿನ ಬುಡವನ್ನು ನೋಡುತ್ತ ಕೇಳಿದಳು:

"ಪೂರಾ ಆದಮ್ಯಾಲ ಹ್ಯಾಂಗ ಕಾಣತಿತ್ರಿ?"

"ಛಲೋ ಇತ್ತು."

"ನನಗೂ ಒಮ್ಮಿ ತೋರಿಸಬೇಕಿತ್ತರಿ."

ಮಡೆಪ್ಪ ಜೇಬಿನಲ್ಲೇ ಉಳಿದಿದ್ದ ಪಾಲಿನ ಹಣದ ಲಕೋಟೆ ತೆಗೆದ. ಅವಳು ಕೈ ಚಾಚಲಿಲ್ಲ. ಅದನ್ನು ಹಿಡಿದುಕೊಂಡೇ ಅವನು, "ಇನ್ನೊಂದು ಮಾತದ ಭಾಭಿ. ಆ ವರ್ಷ ಅವ ಹಿಂದ ಉಳದದ್ದು..." ಎಂದ.

"ಗೊತ್ತದರಿ. ಅವರೇ ಚೀಟಿ ಕಳಿಸಿದ್ರು. ಮಾಸ್ತರ ಕೆಲಸ ಮುಗಸು ಅಂದಾರ, ಮುಗಿಸಿ ಬರ್ತೇನಿ ಅಂತ ಬರದಿದ್ರು. ಅಮ್ಮಾಗ ಓದಿ ಹೇಳಿಲ್ಲ."

"ಗೊತ್ತಿದ್ದೂ ಪಾನದಾನ ಕೊಟ್ರಿ?"

"ನೀವೂ ಮರತಿರಲಿಕ್ಕಿಲ್ಲ ಅಂತ ಕೊಟ್ಟೇನಿ."

ಅವನು, "ಒಂದು ಚೀಟಿ ಬರದು ಹಚ್ಚತೇನಿ, ಅಯ್ಯುಬನ ಹೆಸರಿಂದು" ಎಂದ.

"ಸಾಮಾನ ಇಲ್ಲದಲ್ಲಿ ಹೆಸರ್ಯಾಕ್ರಿ?" ಎಂದು ಅವಳು ತಿರುಗಿ ನಡೆದಳು.

ಮುದುಕಿ ಆಗಲೇ ಗೋಡೆ ಹಿಡಿದು ಸಂಗ್ರಹಾಲಯದ ಒಳಗೆ ಹೋಗಿದ್ದಳು. ಬಿಸ್ಮಿಲ್ಲಾಬೀ ಅವಳ ಕೈ ಹಿಡಿದು ಪಲ್ಲಕ್ಕಿ ದಾಟಿಸಿ, ಕತ್ತಿಗಳನ್ನು ದಾಟಿಸಿ, ನಾಣ್ಯಗಳಿದ್ದ ಕೊನೆಯ ಕಪಾಟಿನ ಮುಂದೆ ನಿಲ್ಲಿಸಿದಳು.

"ಇದೇ ನೋಡ್ರಿ ಅಮ್ಮಾ."

ಮರಿಯಮಬೀ ಗಾಜಿನ ಮೇಲೆ ಅಂಗೈ ಇಟ್ಟಳು. "ತಣ್ಣಗದ. ತಗೀರಿ ಮಾಸ್ತರ, ಒಮ್ಮಿ ಮುಟ್ಟತೇನಿ."

ಬಿಸ್ಮಿಲ್ಲಾಬೀ ಮಡೆಪ್ಪನ ಕಡೆ ನೋಡಿದಳು.

"ಸರ್ಕಾರದ ಬೀಗ ಅದಮ್ಮಾ" ಎಂದ ಮಡೆಪ್ಪ. "ಯಾರಿಗೂ ತಗ್ಯಾಕ ಬರೂದಿಲ್ಲ."

"ಛಲೋ ಆತು. ಯಾರೂ ಒಯ್ಯಾಂಗಿಲ್ಲ ಹಂಗರೆ." ಗಾಜಿಗೆ ಹಣೆ ತಾಗುವಷ್ಟು ಬಾಗಿದಳು. "ಹೆಸರು ಓದ್ರಿ."

ಕಪಾಟಿನೊಳಗೆ ಮಡೆಪ್ಪನದೇ ಅಕ್ಷರದಲ್ಲಿ ಬರೆದ ಚೀಟಿಯಿತ್ತು: ತಾಮ್ರದ ನಾಣ್ಯಗಳು, ಬಹಮನಿ ಕಾಲ.

"ಅಯ್ಯುಬ" ಎಂದು ಓದಿದ ಮಡೆಪ್ಪ. "ಬಿದರಿ ಕೆಲಸದವರು, ಬೀದರ."

"ಇನ್ನೊಮ್ಮಿ ಓದ್ರಿ."

ಇನ್ನೊಮ್ಮೆ ಓದಿದ. ಮುದುಕಿ ತಡಕಾಡಿ ಅವನ ತಲೆ ಹುಡುಕಿ, ಎರಡೂ ಕೈಯಿಂದ ದುಆ ಮಾಡಿದಳು. ನಿಮ್ಮ ಮಕ್ಕಳು ಮರಿ ಚೆನ್ನಾಗಿರಲಿ, ನಿಮ್ಮ ಕೈಗೆ ಬರಕತ್ತು ಬರಲಿ ಎಂದಳು. ಅವನು ತಲೆ ಬಗ್ಗಿಸಿ ಅದು ಮುಗಿಯುವ ತನಕ ನಿಂತ.

ಬಸ್ ಸ್ಟ್ಯಾಂಡಿಗೆ ಒಂದು ಟಾಂಗಾ ಕರೆದ. ಮರಿಯಮಬೀಯನ್ನು ಮುಂದೆ, ಓಡಿಸುವವನ ಪಕ್ಕಕ್ಕೆ ಹತ್ತಿಸಿ ಕೂರಿಸಿದರು. ಬಿಸ್ಮಿಲ್ಲಾಬೀ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಟಾಂಗಾದ ಹಿಂದಿನ ಸೀಟಿನಲ್ಲಿ ಕೂತವರ ಮುಖ ದಾರಿಯ ಹಿಂದಕ್ಕೇ ಇರುತ್ತದೆ. ಮುದುಕಿ ಟಾಂಗಾದವನಿಗೆ ಏನೋ ಹೇಳುತ್ತ ನಗುತ್ತಿದ್ದದ್ದು ಕೇಳಿಸಿತು. ಕುದುರೆ ಹೊರಟಿತು. ಚೌಬಾರಾದ ತನಕ ಬೀದಿ ನೆಟ್ಟಗಿತ್ತು. ಅಷ್ಟು ದೂರವೂ ಬಿಸ್ಮಿಲ್ಲಾಬೀ ಸೆರಗು ಎಳೆದುಕೊಳ್ಳದೆ, ಮುಖ ತಿರುಗಿಸದೆ ಅವನನ್ನೇ ನೋಡುತ್ತ ಕೂತಿದ್ದಳು. ಮಡೆಪ್ಪ ಬಿಸಿಲಿನಲ್ಲಿ, ಮೆಟ್ಟಿಲ ಮೇಲೆ, ಕೈಯಲ್ಲಿ ಲಕೋಟೆ ಹಿಡಿದು ನಿಂತೇ ಇದ್ದ.