ಮೇಲಿನ ಸುರಂಗ

ಆ ದಿನ ಬೆಳಗ್ಗೆ ಅಡುಗೆಮನೆಯ ನಲ್ಲಿಯಲ್ಲಿ ಕೆಂಪು ನೀರು ಬಂತು. ತಮ್ಮನ ಹೆಂಡತಿ ಕೊಡವನ್ನು ಓರೆ ಮಾಡಿ ನೋಡಿ, "ಭಾವ, ಇಲ್ಲಿ ಬನ್ನಿ" ಎಂದಳು. ತುಕ್ಕು ಕದಡಿದಂಥ ನೀರು. ನಾನು ಪ್ರಾಯವನ್ನೆಲ್ಲ ಊರ ಮೇಲಿನ ಬೆಟ್ಟದ ಗಣಿಯಲ್ಲಿ ಕಳೆದವನು. ಆ ಬಣ್ಣ ಎಲ್ಲಿಂದ ಬರುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ. ತಮ್ಮ ನಸುಕಿನಲ್ಲೇ ಅಲ್ಲಿಗೆ ಕೆಲಸಕ್ಕೆ ಹೋಗಿದ್ದ. ಅವಳು ಒಲೆ ಆರಿಸಿ ಹೊಸ್ತಿಲಲ್ಲಿ ನಿಂತಳು. ಅವನ ಜೊತೆಯ ಮೇಸ್ತ್ರಿ ಮೈಯೆಲ್ಲ ಕೆಸರಾಗಿ ಇಳಿದು ಬರುವವರೆಗೆ ಅಲ್ಲಿಂದ ಕದಲಲಿಲ್ಲ.

"ನಾನು ಸುರಂಗದ ಬಾಯಲ್ಲೇ ಇದ್ದೆ ಅಣ್ಣಾ" ಎಂದ ಮೇಸ್ತ್ರಿ. "ಟೀ ಬಂತೇನೋ ಅಂತ ಒಳಗಿಂದ ಕೂಗ್ದ. ಬಂದಿದೆ, ಬೇಗ ಬಾ, ಇಲ್ಲಾಂದ್ರೆ ನಿನ್ನ ಪಾಲೂ ನಾನೇ ಕುಡೀತೀನಿ ಅಂದೆ. ಅಷ್ಟೇ."

ಅದಿರು ಮುಗಿದ ಮೇಲೆ ಕಂಪನಿಯವರು ಕಚೇರಿಯ ಬಾಗಿಲು ಹಾಕಿಕೊಂಡು ಹೋಗಿದ್ದರು. ಗಣಿಯ ಬಾಯಿಗಳನ್ನು ಮಾತ್ರ ತೆರೆದೇ ಬಿಟ್ಟಿದ್ದರು. ನಮ್ಮ ನಲ್ಲಿಗೂ ನೀರು ಕೊಡುವ ಹೊಳೆ ಹುಟ್ಟುವುದೇ ಆ ಬೆಟ್ಟದಲ್ಲಿ. ಸುರಂಗಗಳಿಂದ ಒಸರುವ ವಿಷದ ನೀರು ಅದಕ್ಕೆ ಸೇರಿ ಮೀನುಗಳು ಸತ್ತವು, ದಂಡೆಯ ಹುಲ್ಲು ಸುಟ್ಟುಹೋಯಿತು. ಕೆಳಗಿನ ಪಟ್ಟಣದವರು ಬಾಯಿ ಬಡಿದುಕೊಂಡು ಸಾಕಾದ ಮೇಲೆ ಸರ್ಕಾರ ಶುದ್ಧ ಮಾಡುವ ಕೆಲಸ ಹಿಡಿಯಿತು. ತಮ್ಮ ಅದಕ್ಕೆ ಸೇರಿದ. ಗಣಿಯ ಕಸದ ಗುಡ್ಡೆಗಳನ್ನು ಹೊಳೆಯಿಂದ ದೂರ ಸಾಗಿಸಿ ಜೇಡಿಮಣ್ಣು ಹೊದಿಸುವುದು, ಸುರಂಗಗಳಿಗೆ ಕಾಂಕ್ರೀಟಿನ ಗೋಡೆ ಕಟ್ಟುವುದು ಅವನ ಕೆಲಸ.

"ಅಣ್ಣ, ನೀನು ತೋಡಿದ್ದನ್ನೆಲ್ಲ ನಾನು ಮುಚ್ತಾ ಇದ್ದೀನಿ. ಇನ್ನು ನಿನ್ನ ಬಾಯೊಂದು ಬಾಕಿ" ಎಂದು ಊಟಕ್ಕೆ ಕೂತಾಗ ರೇಗಿಸುತ್ತಿದ್ದ.

"ಅದಕ್ಕೆ ನಿಮ್ಮ ಸರ್ಕಾರದ ಸಿಮೆಂಟ್ ಸಾಲದು ಕಣೋ" ಎನ್ನುತ್ತಿದ್ದೆ.

ಮೇಲಿನ ಸುರಂಗದ ನೀರು ಆ ಬೇಸಿಗೆಯಲ್ಲಿ ಸಣ್ಣಗಾಗುತ್ತ ಬಂದು ನಿಂತೇಹೋಯಿತು. ಹೊಳೆ ತಿಳಿಯಾಯಿತು. ಊರೆಲ್ಲ ಹಿಗ್ಗಿತು. ಒಳಗಿನ ಸೆಲೆ ಬತ್ತಿದೆ ಎಂದು ಕೆಲಸ ಮಾಡಿಸುತ್ತಿದ್ದ ಎಂಜಿನಿಯರಮ್ಮ ತಿಳಿದರು, ಮೇಸ್ತ್ರಿ ತಿಳಿದ. ನಾನು ದೇವರಿಗೆ ಕೈ ಮುಗಿದೆ. ಒಳಗೆ ಕಾಲಿಡುವ ಮೊದಲು ಬೆಟ್ಟದ ಮೇಲಿಂದ ತೂತು ಕೊರೆದು ನೀರಿದೆಯೇ ಎಂದು ನೋಡುವುದು ಅವರ ಪದ್ಧತಿ. ಒಣಗಿದ ಬಾಯಿ ಕಣ್ಣೆದುರೇ ಇರುವಾಗ ಅದೇಕೆಂದು ಬಿಟ್ಟರು. ನೀರು ಬತ್ತಿರಲಿಲ್ಲ. ಒಳಗೆಲ್ಲೋ ಮಣ್ಣು ಕುಸಿದು ಅದನ್ನು ತಡೆದಿತ್ತು. ಗೋಡೆಗೆ ಗಟ್ಟಿ ನೆಲ ಸಿಗಲೆಂದು ತಮ್ಮ ಅಂದು ಬೆಳಗ್ಗೆ ಆ ಮಣ್ಣನ್ನೇ ಅಗೆದ. ನೀರು ನುಗ್ಗಿತು. ಅದರ ಹಿಂದೆಯೇ ಮೇಲಿನ ಬಂಡೆ ಕುಸಿದು ದಾರಿ ಮುಚ್ಚಿಕೊಂಡಿತು.

ಬೆಟ್ಟದ ಮೇಲಿಂದ ತೂತು ಕೊರೆದು ಕೊಳವೆ ಇಳಿಸಿ ಬಡಿದರು, ಕೂಗಿದರು. ಒಳಗಿನಿಂದ ಉತ್ತರ ಬರಲಿಲ್ಲ. ಕೆಲವು ದಿನ ಕಳೆದು ಎಂಜಿನಿಯರಮ್ಮ ಮನೆಗೆ ಬಂದು ಬೆಂಚಿನ ತುದಿಯಲ್ಲಿ ಕೂತರು.

"ಕುಸಿದದ್ದನ್ನ ತೆಗೆದ್ರೆ ಹಿಂದಿರೋ ನೀರು ಮತ್ತೆ ನುಗ್ಗುತ್ತೆ. ಮೊದಲು ಬಂದದ್ದು ಏನೂ ಅಲ್ಲ. ಕೆಳಗೆ ಇಡೀ ಪಟ್ಟಣ ಹೊಳೆ ನೀರನ್ನೇ ಕುಡಿಯುತ್ತೆ. ಮಳೆ ಬೇರೆ ಹತ್ತಿರ ಬಂತು. ಹೊರಗಿಂದಲೇ ಗೋಡೆ ಕಟ್ಟಬೇಕು."

"ಅವರನ್ನ ಒಳಗಿಟ್ಟು?" ಎಂದಳು ತಮ್ಮನ ಹೆಂಡತಿ.

"ನೀವು ಬೇಡ ಅಂದ್ರೆ ನಾನು ಕಟ್ಟಿಸಲ್ಲ. ಮೇಲಿನವರ ಹತ್ತಿರ ಜಗಳ ಆಡ್ತೀನಿ."

"ಚೆನ್ನಾಗಿದೆ. ನಮ್ಮ ತಲೆಗೆ ಕಟ್ಟಿ ನೀವು ಕೈ ತೊಳ್ಕೊಳ್ಳಿ" ಎಂದಳು ಅವಳು.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ, "ಅಕ್ಕಾ, ತೆಗೀರಿ ಅಂದ್ರೆ ನಾನೇ ಒಳಗೆ ಹೋಗ್ತೀನಿ" ಎಂದ.

ಅವಳು ಅವನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಮುಚ್ಚಿ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ಭಾವ. ನಿಮ್ಮ ತಮ್ಮ. ನೀವೇ ಹೇಳಿ" ಎಂದಳು.

"ಮುಚ್ಚಿ" ಎಂದೆ.

ಅವಳು ಎದ್ದು ಒಳಗೆ ಹೋದಳು. ಅಂದಿನಿಂದ ನನ್ನನ್ನು ಭಾವ ಎಂದು ಕರೆದಿಲ್ಲ. "ಊಟ ಬಡಿಸಿದೆ" ಎಂದು ಗೋಡೆಗೆ ಹೇಳುತ್ತಾಳೆ. ನಾನು ಬಂದು ಉಣ್ಣುತ್ತೇನೆ.

ಗೋಡೆ ಎದ್ದ ದಿನ ಪಟ್ಟಣದಿಂದ ದೊಡ್ಡವರು ಬಂದರು. ಒಬ್ಬರು ನನ್ನ ತಮ್ಮನನ್ನು ತ್ಯಾಗಿ ಎಂದು ಹೊಗಳಿದರು. ತ್ಯಾಗ ಮಾಡುತ್ತೀಯಾ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಗಣಿಯನ್ನು ಹಾಗೇ ಬಿಟ್ಟುಹೋದವರ ಸುದ್ದಿಯನ್ನು ಅಂದು ಯಾರೂ ಎತ್ತಲಿಲ್ಲ. ಭಾಷಣ ಮುಗಿಯುವ ಮೊದಲೇ ತಮ್ಮನ ಹೆಂಡತಿ ಮುಂದೆ ಹೋಗಿ ಗೋಡೆಗೆ ಅಂಗೈ ಒತ್ತಿದಳು.

"ಹಸಿ ಇದೆ ಅಕ್ಕಾ, ಸಿಮೆಂಟು ಕೈ ಸುಡುತ್ತೆ" ಎಂದ ಮೇಸ್ತ್ರಿ.

"ಸುಡಲಿ" ಎಂದಳು.

ದೇವರೇ, ನಿನ್ನ ಮೇಲೆ ನನಗೆ ಸಿಟ್ಟಿದೆ. ಅದನ್ನು ಅವನ ಮೇಲೆ ಹೊರಿಸಬೇಡ. ಅವನಿದ್ದಲ್ಲಿಗೆ ನಮಗೆ ಹೋಗಲಾಗಲಿಲ್ಲ, ಹೋಗುವವನನ್ನೂ ನಾನು ತಡೆದೆ. ನಿನಗೆ ಯಾವ ಗೋಡೆಯೂ ಅಡ್ಡವಿಲ್ಲ. ನೀನು ಹೋಗು. ಅವನ ತಲೆಯನ್ನು ನಿನ್ನ ತೊಡೆಯ ಮೇಲಿಟ್ಟುಕೋ. ಅವನ ಮೈಯ ಭಾರ ಇಳಿಯಲಿ, ದಣಿವು ಆರಲಿ. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು ತಂದೆ.